ಬಾಡಿಗೆಗೆ ಕೊಟ್ಟಿದ್ದಕ್ಕೆ ಫ್ರೀಹೋಲ್ಡರ್ ಕೇಳುವ ಫೀ: ಕಟ್ಟುವ ಮುಂಚೆ ನಿಮ್ಮ ಲೀಸ್ ತೆಗೆದು ಓದಿ

ಲಂಡನ್, ರೆಡಿಂಗ್, ಸ್ಲೌ ಕಡೆ ಫ್ಲ್ಯಾಟ್ ಕೊಂಡು ಆಮೇಲೆ ಬೆಂಗಳೂರಿಗೆ ವಾಪಸ್ ಹೋದವರು, ಮಕ್ಕಳಾದ ಮೇಲೆ ದೊಡ್ಡ ಮನೆಗೆ ಹೋದವರು, ಹಳೇ ಫ್ಲ್ಯಾಟನ್ನು ಮಾರದೆ ಬಾಡಿಗೆಗೆ ಬಿಡುತ್ತಾರೆ. ಫ್ರೀಹೋಲ್ಡರ್, ಅಂದರೆ ಜಾಗ ಮತ್ತು ಕಟ್ಟಡದ ಮಾಲೀಕ, ಕಳಿಸಿದ್ದು ಅಂತ ಇವರೆಲ್ಲ ನನ್ನ ಹತ್ತಿರ ತರುವ ಕಾಗದ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ನೀವು ಫ್ಲ್ಯಾಟ್ ಸಬ್‌ಲೆಟ್ (ಒಳಬಾಡಿಗೆಗೆ) ಮಾಡಿರುವುದು ಗಮನಕ್ಕೆ ಬಂದಿದೆ, ಒಪ್ಪಿಗೆಗೆ ಇಷ್ಟು, ನೋಂದಣಿಗೆ ಇಷ್ಟು, ಇಷ್ಟು ದಿನದೊಳಗೆ ಕಟ್ಟಿ. ಮೊತ್ತ ನೂರೈವತ್ತು ಪೌಂಡ್ ಇರಬಹುದು, ಮುನ್ನೂರೂ ಇರಬಹುದು. ಯಾಕೆ ಸುಮ್ನೆ ತಲೆನೋವು ಅಂತ ಜನ ಕಟ್ಟಿಬಿಡುತ್ತಾರೆ. ಬಾಡಿಗೆದಾರ ಬದಲಾದಾಗ ಮತ್ತೊಂದು ಬಿಲ್ ಬರುತ್ತದೆ. ಕೆಲವು ಕಡೆ ಅದೇ ಬಾಡಿಗೆದಾರ ಇನ್ನೊಂದು ವರ್ಷ ಮುಂದುವರಿದರೂ ಬರುತ್ತದೆ!

ಕಟ್ಟಲೇಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಕೇಳಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಕಟ್ಟಬೇಡಿ, ಅಷ್ಟೇ.

ಊರಲ್ಲಿ ಕೂತು ಓದುವವರಿಗೆ ಒಂದು ಮಾತು. ಇದು ಬೆಂಗಳೂರಲ್ಲಿ ಒಟ್ಟಿಗೆ ದುಡ್ಡು ಕೊಟ್ಟು ಎರಡು ಮೂರು ವರ್ಷ ಇರುವ ಲೀಸ್ ಅಲ್ಲ. ಇಂಗ್ಲೆಂಡಿನಲ್ಲಿ ಫ್ಲ್ಯಾಟ್ ಕೊಳ್ಳುವುದು ಅಂದರೆ ಬಹುಪಾಲು 99 ಅಥವಾ 125 ವರ್ಷ, ಕೆಲವೊಮ್ಮೆ 999 ವರ್ಷದ ಲೀಸ್ ಕೊಳ್ಳುವುದು. ಜಾಗ, ಕಟ್ಟಡ ಫ್ರೀಹೋಲ್ಡರ್‌ದು. ನೀವು ಲಕ್ಷಗಟ್ಟಲೆ ಪೌಂಡ್ ಕೊಟ್ಟು ಕೊಂಡಿದ್ದರೂ ಕಾನೂನಿನ ಕಣ್ಣಲ್ಲಿ ಅವನ ಟೆನೆಂಟ್. ನಿಮ್ಮಿಬ್ಬರ ನಡುವೆ ಏನೇ ಇದ್ದರೂ ಅದು ಆ ಲೀಸ್ ಕಾಗದದಲ್ಲಿ ಬರೆದಿರಬೇಕು, ಇಲ್ಲವೇ ಕಾನೂನಿನಲ್ಲಿರಬೇಕು. ಫ್ರೀಹೋಲ್ಡರ್ ಪರವಾಗಿ ಕಟ್ಟಡ ನೋಡಿಕೊಳ್ಳುವ ಮ್ಯಾನೇಜಿಂಗ್ ಏಜೆಂಟ್ ತನ್ನ ವೆಬ್‌ಸೈಟಿನಲ್ಲಿ ಹಾಕಿಕೊಂಡ ದರಪಟ್ಟಿ ಈ ಎರಡರಲ್ಲಿ ಯಾವುದೂ ಅಲ್ಲ.

ಹಾಗಾಗಿ ಮೊದಲು ಲೀಸ್ ಹುಡುಕಿ. ಕೊಂಡಾಗಿನ ಸಾಲಿಸಿಟರ್ ಫೈಲಿನಲ್ಲಿ ಇರುತ್ತದೆ, ಸಿಗದಿದ್ದರೆ ಲ್ಯಾಂಡ್ ರಿಜಿಸ್ಟ್ರಿಯಿಂದ ಪ್ರತಿ ತರಿಸಬಹುದು. ನೀವು ಏನೇನು ಮಾಡಬಾರದು ಅಂತ ಬರೆದಿರುವ ಭಾಗದಲ್ಲಿ ಒಳಬಾಡಿಗೆಯ ಬಗ್ಗೆ ಏನಿದೆ ನೋಡಿ. ಅವಸರ ಮಾಡಬೇಡಿ, ಇಲ್ಲಿ ಒಂದೊಂದು ಪದಕ್ಕೂ ದುಡ್ಡಿದೆ. ಕೆಲವು ಲೀಸ್‌ಗಳಲ್ಲಿ ಫ್ಲ್ಯಾಟಿನ ಒಂದು ಭಾಗವನ್ನು, ಅಂದರೆ ಒಂದು ರೂಮನ್ನು ಮಾತ್ರ, ಬಾಡಿಗೆಗೆ ಕೊಡಬಾರದು ಅಂತ ಇರುತ್ತದೆ. ಇಡೀ ಫ್ಲ್ಯಾಟ್ ಕೊಡಲು ಅಡ್ಡಿಯೇ ಇರುವುದಿಲ್ಲ. ಇನ್ನು ಕೆಲವದರಲ್ಲಿ ಲೀಸಿನ ಕೊನೆಯ ಏಳು ವರ್ಷ ಮಾತ್ರ ಒಪ್ಪಿಗೆ ಬೇಕು ಅಂತ ಇರುತ್ತದೆ. ನಿಮ್ಮ ಲೀಸಿಗೆ ಇನ್ನೂ ನೂರು ವರ್ಷ ಬಾಕಿ ಇರುವಾಗ ಏಜೆಂಟ್ ಅದೇ ಸಾಲು ತೋರಿಸಿ ಫೀ ಕೇಳಿದರೆ, ಅವರು ವಾಕ್ಯವನ್ನು ಪೂರ್ತಿ ಓದಿಲ್ಲ ಅಂತ ಅರ್ಥ. ಅಥವಾ ನೀವು ಓದುವುದಿಲ್ಲ ಅಂದುಕೊಂಡಿದ್ದಾರೆ. ಲೀಸ್ ಈ ವಿಷಯದಲ್ಲಿ ಏನೂ ಹೇಳದಿದ್ದರೆ ಒಪ್ಪಿಗೆ ಬೇಡ, ಒಪ್ಪಿಗೆಯ ಫೀಯೂ ಇಲ್ಲ.

ಬಾಡಿಗೆಗೆ ಕೊಟ್ಟ ಮೇಲೆ ಒಂದು ತಿಂಗಳೊಳಗೆ ತಿಳಿಸಿ, ನೋಂದಣಿ ಫೀ ಕೊಡಿ ಅಂತ ಇರುವುದು ಇನ್ನೊಂದು ಥರ. ಅದು ತಿಳಿಸುವುದು, ಒಪ್ಪಿಗೆ ಕೇಳುವುದಲ್ಲ. ಹಳೇ ಲೀಸ್‌ಗಳಲ್ಲಿ ಆ ಫೀ ಎಷ್ಟು ಅಂತ ಅಂಕಿಯಲ್ಲೇ ಬರೆದಿರುತ್ತಾರೆ, ತೀರಾ ಸಣ್ಣ ಮೊತ್ತ. ಹಾಗಿದ್ದರೆ ಅಷ್ಟೇ ಕೊಡಿ.

ಜಗಳ ಜಾಸ್ತಿ ನಡೆಯುವುದು ಒಪ್ಪಿಗೆ ಬೇಕು ಅಂತ ಇರುವ ಲೀಸ್‌ಗಳಲ್ಲಿ. 1927ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟಿನ 19ನೇ ಸೆಕ್ಷನ್ ಪ್ರಕಾರ ಅಂಥ ಕಡೆ ಸರಿಯಾದ ಕಾರಣ ಇಲ್ಲದೆ ಒಪ್ಪಿಗೆ ನಿರಾಕರಿಸುವಂತಿಲ್ಲ. ಆದರೆ ಒಪ್ಪಿಗೆಗೆ ತಗುಲಿದ ಖರ್ಚನ್ನು, ಅದು ನ್ಯಾಯವಾದ ಮೊತ್ತವಾಗಿದ್ದರೆ, ಕೇಳಬಹುದು. ತಗುಲಿದ ಖರ್ಚು ಅನ್ನುವುದನ್ನು ಗಮನಿಸಿ. ಲಾಭ ಅಲ್ಲ. ಬಾಡಿಗೆಗೆ ಕೊಡಲೇಬಾರದು ಅಂತ ಸೀದಾ ನಿಷೇಧ ಇರುವ ಲೀಸೂ ಉಂಟು. ಆಗ ಈ ಸೆಕ್ಷನ್ ನಿಮ್ಮ ಕೈ ಹಿಡಿಯುವುದಿಲ್ಲ, ವಕೀಲರನ್ನು ನೋಡಿ.

ನಿಮ್ಮ ದೊಡ್ಡ ಬಲ ಇರುವುದು 2002ರ ಕಾಮನ್‌ಹೋಲ್ಡ್ ಅಂಡ್ ಲೀಸ್‌ಹೋಲ್ಡ್ ರಿಫಾರ್ಮ್ ಆಕ್ಟಿನ 11ನೇ ಶೆಡ್ಯೂಲಿನಲ್ಲಿ. ಒಪ್ಪಿಗೆ ಕೊಡಲು ಕೇಳುವ ದುಡ್ಡನ್ನು ಅದು ಅಡ್ಮಿನಿಸ್ಟ್ರೇಷನ್ ಚಾರ್ಜ್ ಅನ್ನುತ್ತದೆ. ಲೀಸಿನಲ್ಲಿ ಮೊತ್ತ ನಿಗದಿಯಾಗಿಲ್ಲದಿದ್ದರೆ, ನ್ಯಾಯವಾದಷ್ಟು ಮಾತ್ರ ಕೊಟ್ಟರೆ ಸಾಕು. ನ್ಯಾಯ ಅಂದರೆ ಎಷ್ಟು? 2012ರಲ್ಲಿ ಹೋಲ್ಡಿಂಗ್ ಅಂಡ್ ಮ್ಯಾನೇಜ್‌ಮೆಂಟ್ (ಸಾಲಿಟೇರ್) ವಿರುದ್ಧ ನಾರ್ಟನ್ ಕೇಸಿನಲ್ಲಿ ಇಂಥ ತಕರಾರುಗಳ ಮೇಲ್ಮನವಿ ಕೇಳುವ ಅಪ್ಪರ್ ಟ್ರಿಬ್ಯೂನಲ್ 40 ಪೌಂಡ್, ಅದರ ಮೇಲೆ ವ್ಯಾಟ್ ಅಂತ ಹೇಳಿತು. ಅಂದಿನಿಂದ ಲೀಸ್‌ಹೋಲ್ಡರ್‌ಗಳು ಬರೆಯುವ ಪತ್ರಗಳಲ್ಲೆಲ್ಲ ಈ 40 ಪೌಂಡ್ ಇದ್ದೇ ಇರುತ್ತದೆ. ಉಪಯೋಗಿಸಿ, ತಪ್ಪಿಲ್ಲ. ಆದರೆ ಅದೇ ಕೊನೆಯ ಮಾತು ಅಂದುಕೊಳ್ಳಬೇಡಿ. ಅದು ಆ ಕೇಸಿನ ಸಾಕ್ಷ್ಯದ ಮೇಲೆ ಬಂದ ಅಂಕಿ, ಮೇಲಾಗಿ ಇಷ್ಟು ವರ್ಷದಲ್ಲಿ ಬೆಲೆ ಏರಿದೆ. ಏನೇನು ಕೆಲಸ ಮಾಡಿದೆವು ಅಂತ ಫ್ರೀಹೋಲ್ಡರ್ ಸಾಕ್ಷ್ಯ ಸಮೇತ ತೋರಿಸಿದ ಕಡೆ ಟ್ರಿಬ್ಯೂನಲ್ ಇದಕ್ಕಿಂತ ಜಾಸ್ತಿಯನ್ನೂ ಒಪ್ಪಿದೆ.

ಅದಕ್ಕೇ ನಾನು ಬರೆಸುವ ಪತ್ರದಲ್ಲಿ ಮೊತ್ತಕ್ಕಿಂತ ಪ್ರಶ್ನೆಗಳು ಮುಂದಿರುತ್ತವೆ. ಯಾವ ಕಲಂ ಪ್ರಕಾರ ಕೇಳುತ್ತಿದ್ದೀರಿ? ಯಾರು, ಎಷ್ಟು ಹೊತ್ತು, ಏನು ಕೆಲಸ ಮಾಡಿದರು? ಗಂಟೆಗೆ ಎಷ್ಟು? ಒಂದು ಸಿದ್ಧ ಫಾರ್ಮಿನಲ್ಲಿ ಹೆಸರು ತುಂಬಿ ಕಳಿಸುವ ಕೆಲಸಕ್ಕೆ ಇನ್ನೂರು ಪೌಂಡ್ ಹೇಗಾಯಿತು? ಒಪ್ಪಿಗೆ ಫೀ ತೆಗೆದುಕೊಂಡ ಮೇಲೆ ಅದೇ ಹೆಸರನ್ನು ಅದೇ ಕಂಪ್ಯೂಟರಿಗೆ ಹಾಕಲು ಇನ್ನೊಂದು ನೋಂದಣಿ ಫೀ ಯಾಕೆ? ಇಷ್ಟು ಕೇಳಿದ ಮೇಲೆ ಎಷ್ಟೋ ಏಜೆಂಟರು ವಿವರ ಕೊಡುವುದಿಲ್ಲ, ‘ಸೌಜನ್ಯದಿಂದ’ ಅರ್ಧಕ್ಕೆ ಇಳಿಸುತ್ತಾರೆ. ಖರ್ಚು ನಿಜವಾಗಿ ಆಗಿದ್ದರೆ ಅರ್ಧ ಎಲ್ಲಿಗೆ ಹೋಯಿತು ಅಲ್ವಾ?

ಬಿಲ್ ಜೊತೆ ಇನ್ನೊಂದು ಕಾಗದ ಬಂದಿದೆಯೇ ನೋಡಿ. ಅಡ್ಮಿನಿಸ್ಟ್ರೇಷನ್ ಚಾರ್ಜ್ ಕೇಳುವಾಗ ನಿಮ್ಮ ಹಕ್ಕು ಮತ್ತು ಹೊಣೆಗಳ ಸಾರಾಂಶವನ್ನು ಲಗತ್ತಿಸಲೇಬೇಕು ಅಂತ ಅದೇ ಶೆಡ್ಯೂಲ್ ಹೇಳುತ್ತದೆ. ಅದು ಇಲ್ಲದಿದ್ದರೆ ನೀವು ಕಾನೂನುಬದ್ಧವಾಗಿಯೇ ದುಡ್ಡು ತಡೆಹಿಡಿಯಬಹುದು. ಆದರೆ ಇದು ಪೂರ್ತಿ ಪರಿಹಾರ ಅಲ್ಲ, ಅವರು ಸಾರಾಂಶ ಸೇರಿಸಿ ಮತ್ತೆ ಬಿಲ್ ಕಳಿಸಿದರೆ ಮುಗಿಯಿತು.

ಈಗ ಎಚ್ಚರಿಕೆ. ಸಿಟ್ಟಿಗೆ ಕಾಗದವನ್ನು ಕಸದ ಬುಟ್ಟಿಗೆ ಹಾಕಬೇಡಿ. ಫ್ರೀಹೋಲ್ಡರ್‌ಗಳು ನಿಮ್ಮ ಸಾಲ ಕೊಟ್ಟ ಬ್ಯಾಂಕಿಗೆ ಬರೆಯುತ್ತಾರೆ. ಲೀಸೇ ರದ್ದಾದೀತು ಅಂತ ಬ್ಯಾಂಕ್ ಹೆದರಿ ತಾನೇ ಕಟ್ಟಿ ನಿಮ್ಮ ಸಾಲಕ್ಕೆ ಸೇರಿಸಿಬಿಡಬಹುದು. ಬೆಂಗಳೂರಿಗೆ ಹೋದವರಿಗೆ ಇದು ಗೊತ್ತಾಗುವುದೇ ತಡವಾಗಿ, ಯಾಕೆಂದರೆ ಕಾಗದಗಳೆಲ್ಲ ಬಾಡಿಗೆದಾರನ ಬಾಗಿಲಲ್ಲಿ ಬಿದ್ದಿರುತ್ತವೆ. ಮೊದಲು ಫ್ರೀಹೋಲ್ಡರ್‌ಗೆ ನಿಮ್ಮ ಈಗಿನ ವಿಳಾಸ, ಇಮೇಲ್ ಕೊಡಿ. ಒಪ್ಪಿಗೆ ಬೇಕು ಅಂತ ಲೀಸಿನಲ್ಲಿದ್ದರೆ ಕೇಳದೆ ಬಾಡಿಗೆದಾರನನ್ನು ಕೂರಿಸಬೇಡಿ. ಲಿಖಿತವಾಗಿ ಕೇಳಿದರೆ 1988ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟ್ ಪ್ರಕಾರ ಅವರು ಸಮಂಜಸ ಸಮಯದಲ್ಲಿ ಲಿಖಿತವಾಗಿಯೇ ಉತ್ತರಿಸಬೇಕು. ದಿನ, ವಾರದ ಲೆಕ್ಕದಲ್ಲಿ ಪ್ರವಾಸಿಗಳಿಗೆ ಕೊಡುವ ವಿಚಾರ ಇದ್ದರೆ ಈ ಅಂಕಣ ನಿಮಗಲ್ಲ. 2016ರ ನೆಮ್ಕೋವಾ ಕೇಸಿನಲ್ಲಿ ಹಾಗೆ ಕೊಟ್ಟದ್ದು ಲೀಸಿನ ಉಲ್ಲಂಘನೆ ಅಂತ ತೀರ್ಪಾಗಿದೆ.

ಪತ್ರದಲ್ಲಿ ಬಗೆಹರಿಯದಿದ್ದರೆ ಫಸ್ಟ್-ಟಿಯರ್ ಟ್ರಿಬ್ಯೂನಲ್‌ನ ಪ್ರಾಪರ್ಟಿ ಚೇಂಬರ್ ಇದೆ. ಅರ್ಜಿಗೆ ನೂರು ಪೌಂಡಿನ ಆಸುಪಾಸು, ವಿಚಾರಣೆ ನಡೆದರೆ ಅದಕ್ಕೆ ಬೇರೆ. ವಕೀಲರು ಕಡ್ಡಾಯ ಅಲ್ಲ. ನೂರೈವತ್ತರ ಬಿಲ್ಲಿಗೆ ಇದು ಲೆಕ್ಕಕ್ಕೆ ಸರಿಹೋಗದೆ ಇರಬಹುದು, ನಾನೂ ಎಲ್ಲರನ್ನೂ ಅಲ್ಲಿಗೆ ಕಳಿಸುವುದಿಲ್ಲ. ಹೋಗುವವರು ಮಾತ್ರ ಫ್ರೀಹೋಲ್ಡರ್ ತನ್ನ ವಕೀಲರ ಖರ್ಚನ್ನು ಸರ್ವಿಸ್ ಚಾರ್ಜಿಗೆ (ಕಟ್ಟಡದ ನಿರ್ವಹಣೆಗೆ ನೀವು ಕೊಡುವ ದುಡ್ಡು) ಸೇರಿಸದಂತೆ 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟಿನ 20ಸಿ ಆದೇಶವನ್ನೂ, ಅಡ್ಮಿನಿಸ್ಟ್ರೇಷನ್ ಚಾರ್ಜ್ ಹೆಸರಲ್ಲಿ ವಸೂಲಿ ಮಾಡದಂತೆ ಮೇಲೆ ಹೇಳಿದ 11ನೇ ಶೆಡ್ಯೂಲಿನ 5ಎ ಆದೇಶವನ್ನೂ ಅರ್ಜಿಯಲ್ಲೇ ಕೇಳಿಬಿಡಿ. ಮರೆತರೆ ಗೆದ್ದ ಕೇಸಿನ ಖರ್ಚು ಮುಂದಿನ ಬಿಲ್ಲಿನಲ್ಲಿ ನಿಮ್ಮ ಮನೆಗೇ ಬರಬಹುದು.

ಹಳೇ ಬಿಲ್‌ಗಳನ್ನು ಕಟ್ಟಿಬಿಟ್ಟಿದ್ದೇನೆ, ಏನು ಮಾಡಲಿ ಅಂತ ಕೇಳುವವರು ಬಹಳ. ಒಪ್ಪಿಕೊಂಡ ಮೊತ್ತವನ್ನು ಟ್ರಿಬ್ಯೂನಲ್ ಮುಟ್ಟುವುದಿಲ್ಲ, ನಿಜ. ಆದರೆ ಬರೀ ಕಟ್ಟಿದ ಮಾತ್ರಕ್ಕೆ ಒಪ್ಪಿಕೊಂಡ ಹಾಗಲ್ಲ ಅಂತ ಅದೇ ಶೆಡ್ಯೂಲಿನಲ್ಲಿದೆ. ಇನ್ನು ಮುಂದೆ ಕಟ್ಟಲೇಬೇಕಾಗಿ ಬಂದರೆ ‘ಆಕ್ಷೇಪಣೆಯೊಂದಿಗೆ ಕಟ್ಟುತ್ತಿದ್ದೇನೆ’ ಅಂತ ಒಂದು ಇಮೇಲ್ ಹಾಕಿಡಿ. ಅಕ್ಕಪಕ್ಕದ ಫ್ಲ್ಯಾಟಿನವರಿಗೂ ಇದೇ ಬಿಲ್ ಬಂದಿದೆಯಾ ಅಂತ ವಿಚಾರಿಸಿ. ಬಂದಿದ್ದರೆ ಎಲ್ಲರೂ ಸೇರಿ ಅರ್ಜಿ ಹಾಕಬಹುದು, ಆಗ ಆ ನೂರು ಪೌಂಡೂ ಹಂಚಿಹೋಗುತ್ತದೆ.