ಅಡಿಕೆ ಸುಲಿದ ಬೆರಳಿಗೆ ಫೋನ್ ತೆರೆಯುತ್ತದೆಯೇ?

ಹೊಸ ಫೋನ್ ಕೊಳ್ಳುವವರು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳುತ್ತಾರೆ. ಚಾರ್ಜರ್ ಎಷ್ಟು ವ್ಯಾಟ್ ಅಂತಲೂ ಕೇಳುತ್ತಾರೆ. ಬೆರಳಚ್ಚು ಸೆನ್ಸರ್ ಯಾವ ಬಗೆಯದು ಅಂತ ಕೇಳುವವರು ತೀರಾ ಕಡಿಮೆ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದವರು ಮೊದಲು ಕೇಳಬೇಕಾದ್ದು ಅದನ್ನೇ. ಮೊಬೈಲ್ ರಿಪೇರಿ ಮಾಡಿಕೊಂಡಿರುವ ನನ್ನ ಲೆಕ್ಕ ಇದು.

ಅಡಿಕೆ ಸುಲಿಯುವ ದಿನಗಳಲ್ಲಿ ಅಂಗಡಿಗೆ ಬರುವ ದೂರು ಒಂದೇ. "ಅಣ್ಣಾ, ಬೆರಳು ಇಟ್ಟರೆ ತೆರೆಯುವುದೇ ಇಲ್ಲ. ಸೆನ್ಸರ್ ಹೋಗಿದೆಯಾ ನೋಡಿ." ಅವರ ಎದುರೇ ನನ್ನ ಬೆರಳಚ್ಚನ್ನು ಫೋನಿಗೆ ಸೇರಿಸಿ ನೋಡಿದರೆ ತಟ್ಟನೆ ತೆರೆಯುತ್ತದೆ. ಸೆನ್ಸರಿಗೆ ಏನೂ ಆಗಿಲ್ಲ, ಬೆರಳಿನ ಗೆರೆ ಸವೆದಿದೆ. ಬೀಡಿ ಕಟ್ಟುವ ಅಕ್ಕಂದಿರದ್ದೂ ಇದೇ ಪಾಡು. ಎಲೆ ಸುರುಟಿ ಸುರುಟಿ ಬೆರಳ ತುದಿ ನುಣ್ಣಗಾಗಿರುತ್ತದೆ. ತೋಟಕ್ಕೆ ಬೋರ್ಡೋ ಮದ್ದು ಬಿಡುವಾಗಲಂತೂ ಮೈಲುತುತ್ತು, ಸುಣ್ಣ ತಾಗಿ ಚರ್ಮ ಒಣಗಿ ಬಿರಿದಿರುತ್ತದೆ. ಪಡಿತರ ಅಂಗಡಿಯ ಯಂತ್ರ ಸತಾಯಿಸುವುದೂ ಇಂಥ ಬೆರಳನ್ನೇ ಅಲ್ವಾ?

ಕಡಿಮೆ ಬೆಲೆಯ ಫೋನ್‌ಗಳಲ್ಲಿ ಸೆನ್ಸರ್ ಬದಿಯ ಪವರ್ ಬಟನ್‌ನಲ್ಲೇ ಇರುತ್ತದೆ. ಚರ್ಮದ ಗೆರೆಗೂ ನಡುವಿನ ತಗ್ಗಿಗೂ ಇರುವ ವಿದ್ಯುತ್ತಿನ ವ್ಯತ್ಯಾಸವನ್ನು ಅದು ಅಳೆಯುತ್ತದೆ. ಬೆರಳು ಒದ್ದೆಯಾದರೆ ಕೆಲಸ ಕೆಡುತ್ತದೆ. ಮಧ್ಯಮ ಬೆಲೆಯವುಗಳಲ್ಲಿ ಸೆನ್ಸರ್ ಪರದೆಯ ಅಡಿಗೆ ಹೋಗಿದೆ. ಬೆರಳಿಟ್ಟ ಜಾಗ ಬೆಳಗುತ್ತದೆ, ಆ ಬೆಳಕಿನಲ್ಲಿ ಕೆಳಗಿನಿಂದ ಗೆರೆಗಳ ಫೋಟೊ ತೆಗೆಯುತ್ತದೆ. ಒಣ ಚರ್ಮ ಗಾಜಿಗೆ ಸರಿಯಾಗಿ ಕೂರದ ಕಾರಣ ಫೋಟೊ ಮಸುಕಾಗುತ್ತದೆ. ನೋಡಲು ಚೆಂದ ಇರುವ ಈ ಸೆನ್ಸರೇ ನಮ್ಮ ಬೆರಳುಗಳ ಜೊತೆ ಜಾಸ್ತಿ ಜಗಳವಾಡುವುದು.

ಮೂರನೆಯದು ಅಲ್ಟ್ರಾಸಾನಿಕ್. ಕಿವಿಗೆ ಕೇಳದ ಶಬ್ದದ ಅಲೆ ಕಳಿಸಿ, ಬೆರಳಿಗೆ ಬಡಿದು ವಾಪಸ್ ಬರುವುದನ್ನು ಅಳೆಯುತ್ತದೆ. ಸ್ಯಾಮ್‌ಸಂಗ್ 2019ರ ಗ್ಯಾಲಕ್ಸಿ ಎಸ್10ರಲ್ಲಿ ಇದನ್ನು ಹಾಕಿತು. ತುಸು ಒದ್ದೆ ಕೈಯನ್ನೂ ಇದು ಸಹಿಸಿಕೊಳ್ಳುತ್ತದೆ. ಆದರೆ ಪರದೆಗೂ ಟೆಂಪರ್ ಗ್ಲಾಸಿಗೂ ನಡುವೆ ಗಾಳಿ ಉಳಿದರೆ ಅಲೆ ದಾಟುವುದಿಲ್ಲ. ಅದೇ ವರ್ಷ ಕೆಲವು ಸಿಲಿಕೋನ್ ಕವರ್ ಹಾಕಿದ ಎಸ್10 ಯಾರ ಬೆರಳಿಗೂ ತೆರೆದುಕೊಳ್ಳುತ್ತಿದೆ ಅಂತ ಗೊತ್ತಾಗಿ, ಕಂಪನಿ ಸಾಫ್ಟ್‌ವೇರ್ ತಿದ್ದಿತು. ಹತ್ತಾರು ಸಾವಿರ ಕೊಟ್ಟ ಫೋನಿಗೆ ಅಗ್ಗದ ಗ್ಲಾಸ್ ಅಂಟಿಸಿ ಸೆನ್ಸರನ್ನು ಬೈಯುವವರು ಈಗಲೂ ಇದ್ದಾರೆ.

ಗೆರೆಯೇ ಪೂರ್ತಿ ಮಾಸಿದ್ದರೆ ಯಾವ ಸೆನ್ಸರೂ ಏನೂ ಮಾಡಲಾರದು. ಅಷ್ಟು ಮಾಸಿಲ್ಲದಿದ್ದರೆ ದಾರಿ ಉಂಟು. ಬೆರಳು ಸೇರಿಸುವಾಗ ಸ್ನಾನ ಮಾಡಿ ಬಂದ ಮೆತ್ತನೆ ಕೈ ಬೇಡ, ಕೆಲಸ ಮುಗಿಸಿ ಬಂದ ಕೈಯೇ ಇರಲಿ. ಒಂದೇ ಬೆರಳನ್ನು ಎರಡು ಸಲ, ಎರಡು ಬೇರೆ ಬೆರಳು ಎಂಬಂತೆ ಸೇರಿಸಿ. ಕತ್ತಿ ಹಿಡಿಯದ ಕೈಯ ಉಂಗುರದ ಬೆರಳು ಎಲ್ಲಕ್ಕಿಂತ ಒಳ್ಳೆಯದು, ಅದು ಸವೆಯುವುದು ಕಡಿಮೆ. ಒಣ ಬೆರಳಾದರೆ ಬಾಯಿಯ ಬಿಸಿ ಉಸಿರು ಊದಿ ಇಡಿ. ಇಷ್ಟು ಹೇಳಿ ಕಳಿಸಿದರೆ ಅನೇಕರು ರಿಪೇರಿಗೆಂದು ವಾಪಸ್ ಬರುವುದಿಲ್ಲ. ನನ್ನ ವ್ಯಾಪಾರಕ್ಕೆ ನಷ್ಟವೇ ಅನ್ನಿ! ಕಡಿಮೆ ಬೆಲೆಯ ಫೋನ್‌ಗಳ ಮುಖದ ಬೀಗವನ್ನು ಮಾತ್ರ ನಂಬಬೇಡಿ. ಮುಂದಿನ ಕ್ಯಾಮೆರಾ ತೆಗೆಯುವ ಚಪ್ಪಟೆ ಚಿತ್ರವೇ ಅದಕ್ಕೆ ಆಧಾರ. 2025ರ ಅಕ್ಟೋಬರಿನಲ್ಲಿ ಯುಪಿಐ ಪಾವತಿಗೂ ಪಿನ್ ಬದಲು ಬೆರಳು, ಮುಖ ಬಳಸುವ ಸೌಕರ್ಯ ಬಂದಿದೆ. ಹಾಗಾಗಿ ಬೀಗ ಗಟ್ಟಿಯಾಗಿರುವುದು ಈಗ ಹಣದ ಮಾತೂ ಹೌದು.

ಇನ್ನು ಮಳೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಸುರಿಯುತ್ತದೆ. ಪರದೆ ಬೆರಳನ್ನು ಗುರುತಿಸುವುದು ಅದರ ಮೇಲಿನ ಸಣ್ಣ ವಿದ್ಯುತ್ ಕ್ಷೇತ್ರ ಕದಲುವುದರಿಂದ. ನೀರ ಹನಿಯೂ ಅದನ್ನು ಕದಲಿಸುತ್ತದೆ, ಹಾಗಾಗಿ ನೀವು ಮುಟ್ಟದೆಯೇ ಯಾರಿಗೋ ಕಾಲ್ ಹೋಗುತ್ತದೆ. ಒನ್‌ಪ್ಲಸ್ 12ರಲ್ಲಿ ಬಂದ ಆಕ್ವಾ ಟಚ್ ಹನಿ ಯಾವುದು, ಬೆರಳು ಯಾವುದು ಅಂತ ಬೇರೆ ಮಾಡಲು ನೋಡುತ್ತದೆ. ತುಂತುರು ಮಳೆಗೆ ಪರವಾಗಿಲ್ಲ. ಆಟಿ ತಿಂಗಳ ಮಳೆಗೆ ಕೊಡೆಯೇ ಬೇಕು.

"ಇದು ವಾಟರ್‌ಪ್ರೂಫ್ ಅಲ್ವಾ?" ಅಂತ ಕೇಳಿದರೆ ನಾನು ಪೆಟ್ಟಿಗೆಯ ಮೇಲಿನ ಐಪಿ ಸಂಖ್ಯೆ ತೋರಿಸುತ್ತೇನೆ. ಐಪಿ68ರಲ್ಲಿ ಮೊದಲ ಅಂಕೆ ಧೂಳಿಗೆ, ಎರಡನೆಯದು ನೀರಿಗೆ. 7 ಇದ್ದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ. 8 ಇದ್ದರೆ ಎಷ್ಟು ಆಳ, ಎಷ್ಟು ಹೊತ್ತು ಅಂತ ಕಂಪನಿಯೇ ಹೇಳಬೇಕು. ಈಚೆಗೆ ಕಾಣುವ 9 ಎಂದರೆ ಜೋರಾಗಿ ಚಿಮ್ಮುವ ಬಿಸಿನೀರಿನ ಪರೀಕ್ಷೆ. ಪರೀಕ್ಷೆ ನಡೆಯುವುದು ಹೊಸ ಫೋನಿಗೆ, ಸಿಹಿನೀರಿನಲ್ಲಿ. ಕುಂಬಳೆ, ಮಂಜೇಶ್ವರದ ಕಡಲ ನೀರಿಗೆ ಆ ಮಾತು ಸಲ್ಲುವುದಿಲ್ಲ. ಬ್ಯಾಟರಿಯೋ ಕಾಂಬೊವೋ (ಪರದೆ, ಟಚ್ ಸೇರಿದ ಸೆಟ್) ಬದಲಿಸಲು ಒಮ್ಮೆ ಬಿಚ್ಚಿದರೆ ನೀರು ತಡೆಯುವ ಕಂಪನಿಯ ಗಮ್ ಹೋಯಿತು. ನಾವು ಹೊಸ ಗಮ್ ಹಾಕುತ್ತೇವೆ, ಆದರೆ ಪರೀಕ್ಷಿಸುವ ಯಂತ್ರ ಸಣ್ಣ ಅಂಗಡಿಯಲ್ಲಿ ಎಲ್ಲಿಂದ ಬರಬೇಕು? ಆಮೇಲೆ ಅದನ್ನು ಮಾಮೂಲಿ ಫೋನ್ ಅಂತಲೇ ತಿಳಿಯಿರಿ.

ಮಳೆಗಾಲದಲ್ಲಿ ನನ್ನ ಕೈಗೆ ಬರುವುದರಲ್ಲಿ ಹೆಚ್ಚಿನವು ಬಾವಿಗೆ ಬಿದ್ದವಲ್ಲ. ತೇವ ಇರುವಾಗಲೇ ಚಾರ್ಜಿಗೆ ಹಾಕಿದವು. ಒದ್ದೆ ಪಿನ್ನಿನಲ್ಲಿ ಕರೆಂಟ್ ಹರಿದರೆ ಲೋಹ ಹಸಿರು ಕಟ್ಟುತ್ತದೆ. ತೇವ ಇದೆ ಅಂತ ಈಗಿನ ಅನೇಕ ಫೋನ್‌ಗಳು ತಾವೇ ಎಚ್ಚರಿಸುತ್ತವೆ. ನನ್ನ ಮಟ್ಟಿಗೆ ಇದು ಮಡಚುವ ಪರದೆಗಿಂತ ದೊಡ್ಡ ಉಪಕಾರ. ಎಚ್ಚರಿಕೆ ಬಂದರೆ ಚಾರ್ಜಿಂಗ್ ಬಾಯಿ ಕೆಳಗಾಗಿ ಹಿಡಿದು ಮೆಲ್ಲಗೆ ತಟ್ಟಿ, ಗಾಳಿಯಾಡುವಲ್ಲಿ ಇಡಿ. ಅಕ್ಕಿ ಡಬ್ಬಿಗೆ ಹಾಕಬೇಡಿ. ಸಣ್ಣ ಕಣಗಳು ಒಳಗೆ ಹೋಗಿ ಫೋನ್ ಕೆಡಬಹುದು ಅಂತ ಆಪಲ್ ಕೂಡ ಹೇಳಿದೆ.

ಕೊನೆಗೆ ಗಲ್ಫ್‌ನಿಂದ ಬರುವ ಫೋನ್. ನಮ್ಮಲ್ಲಿ ಮನೆಗೊಬ್ಬರಾದರೂ ಅಲ್ಲಿದ್ದಾರೆ ಎನ್ನಬಹುದು, ರಜೆಗೆ ಬರುವಾಗ ಐಫೋನ್ ತರುತ್ತಾರೆ. 2025ರಲ್ಲಿ ಬಂದ ಐಫೋನ್ 17ಕ್ಕೆ ಯುಎಇ, ಸೌದಿ, ಕತಾರ್, ಒಮಾನ್, ಕುವೈತ್, ಬಹರೈನ್‌ಗಳಲ್ಲಿ ಸಿಮ್ ಹಾಕುವ ಟ್ರೇ ಇಲ್ಲ. ಫೋನಿನೊಳಗೇ ಅಡಗಿರುವ ಇ-ಸಿಮ್ ಮಾತ್ರ. ಭಾರತದಲ್ಲಿ ಮಾರುವ 17ಕ್ಕೆ ಟ್ರೇ ಇದೆ. ಫೋನ್ ಬಿದ್ದು ಡಿಸ್‌ಪ್ಲೇ ಸತ್ತರೆ ಮಾಮೂಲಿ ಸಿಮ್ಮನ್ನು ತೆಗೆದು ಹಳೆಯ ಸೆಟ್ಟಿಗೆ ಹಾಕಿದರಾಯಿತು, ಬ್ಯಾಂಕಿನ ಒಟಿಪಿ ಬರುತ್ತಲೇ ಇರುತ್ತದೆ. ಇ-ಸಿಮ್ ಹಾಗಲ್ಲ. ಸತ್ತ ಫೋನಿನಿಂದ ಅದನ್ನು ಕೀಳಲಾಗದು. ಸಿಮ್ ಕಂಪನಿಯ ಬಳಿ ಮತ್ತೆ ಕೇಳಿ ಪಡೆಯಬೇಕು. ಮನೆಯಲ್ಲಿರುವ ಅಮ್ಮನಿಗೆ ಕೊಡಲು ತರುವುದಾದರೆ ಇಲ್ಲೇ ಕೊಳ್ಳಿ. ಅಲ್ಲಿಂದಲೇ ತರಬೇಕೆಂದಿದ್ದರೆ 16 ಸಾಕು, ಅಲ್ಲಿನ 16ರಲ್ಲಿ ಟ್ರೇ ಉಂಟು.