ವಿಶ್ವದ ರೇಖಾ ನಕ್ಷೆಯಲ್ಲಿ ಕಾಣುವ ಆಕಾರ ನಿಜವೇ?

ಪ್ರಶ್ನೆ: ಗೆಲಾಕ್ಸಿಗಳನ್ನು ಒಂದೊಂದಾಗಿ ಗುರುತಿಸದೆ, ಹೈಡ್ರೋಜನ್ ಅಥವಾ ಇಂಗಾಲದ ರೋಹಿತ ರೇಖೆಯ (ಅದು ಒಂದು ನಿಶ್ಚಿತ ಆವರ್ತನದಲ್ಲಿ ಸೂಸುವ ಬೆಳಕಿನ) ಒಟ್ಟು ಹೊಳಪಿನಿಂದಲೇ ವಿಶ್ವದ ಮೂರು ಆಯಾಮದ ನಕ್ಷೆ ತಯಾರಿಸುತ್ತಾರಂತೆ. ಅದರಲ್ಲಿ ಕಾಣುವ ಆಕಾರ ಅಲ್ಲಿ ನಿಜಕ್ಕೂ ಇದೆಯೇ?

ಉತ್ತರ: ಕಂಡ ಹಾಗೆಯೇ ಇಲ್ಲ. ನಕ್ಷೆಯ ಎರಡು ಆಯಾಮಗಳನ್ನು ಮಾತ್ರ ನಾವು ಆಕಾಶದಲ್ಲಿ ನೇರವಾಗಿ ನೋಡುತ್ತೇವೆ. ಮೂರನೆಯದಾದ ದೂರವನ್ನು ಲೆಕ್ಕ ಹಾಕಿ ಪಡೆಯುತ್ತೇವೆ. ಹೈಡ್ರೋಜನ್ನಿನ 21 ಸೆಂಟಿಮೀಟರ್ ರೇಖೆ ಹೊರಡುವಾಗ ಅದರ ಆವರ್ತನ 1420 ಮೆಗಾಹರ್ಟ್ಸ್. ವಿಶ್ವ ಹಿಗ್ಗಿದಂತೆ ಅದು ಇಳಿಯುತ್ತದೆ. 710ರಲ್ಲಿ ಸಿಕ್ಕರೆ ಕೆಂಪು ಪಲ್ಲಟ (ಅಲೆಯುದ್ದ ಮೂಲದ ಎಷ್ಟು ಪಾಲು ಹಿಗ್ಗಿದೆ ಎಂಬ ಅಳತೆ) 1 ಎಂದು ತಿಳಿದು, ಅದರಿಂದ ದೂರ ಹೇಳುತ್ತೇವೆ.

ಆದರೆ ಅನಿಲಕ್ಕೆ ತನ್ನದೇ ಚಲನೆಯೂ ಇದೆ. ನಮ್ಮ ಸಮೀಪದ ವಿಶ್ವದಲ್ಲಿ ಸೆಕೆಂಡಿಗೆ 300 ಕಿಲೋಮೀಟರ್ ಹೆಚ್ಚುವರಿ ವೇಗವಿದ್ದರೆ ದೂರದ ಲೆಕ್ಕ ಸುಮಾರು 1.4 ಕೋಟಿ ಜ್ಯೋತಿರ್ವರ್ಷ ತಪ್ಪುತ್ತದೆ. ದಟ್ಟ ಪ್ರದೇಶದತ್ತ ಎಲ್ಲ ಕಡೆಯಿಂದ ವಸ್ತು ಬೀಳುತ್ತಿರುವಾಗ, ನಮ್ಮ ಕಡೆಯದು ದೂರದಲ್ಲಿರುವಂತೆಯೂ ಆಚೆಯದು ಹತ್ತಿರದಲ್ಲಿರುವಂತೆಯೂ ತೋರಿ, ಇಡೀ ರಚನೆ ನಮ್ಮ ದೃಷ್ಟಿರೇಖೆಯಲ್ಲಿ ಚಪ್ಪಟೆಯಾಗುತ್ತದೆ. ಖಗೋಳ ವಿಜ್ಞಾನಿ ನಿಕ್ ಕೈಸರ್ 1987ರಲ್ಲಿ ಇದನ್ನು ಗಣಿತಕ್ಕಿಳಿಸಿದರು. ಗೆಲಾಕ್ಸಿ ಗುಚ್ಛಗಳ ಒಳಗೆ ಆಗುವುದು ಇದಕ್ಕೆ ತದ್ವಿರುದ್ಧ: ಅಲ್ಲಿನ ಅಡ್ಡಾದಿಡ್ಡಿ ಓಟ ಗುಚ್ಛವನ್ನು ನಮ್ಮತ್ತ ಚಾಚಿದ ಬೆರಳಿನಂತೆ ಉದ್ದ ಮಾಡುತ್ತದೆ. ನನ್ನ ಮಟ್ಟಿಗೆ ಈ ಚಪ್ಪಟೆತನವನ್ನು ದೋಷವೆನ್ನುವುದೇ ಸರಿಯಲ್ಲ. ಗುರುತ್ವ ಎಷ್ಟು ಬಿರುಸಾಗಿ ಎಳೆಯುತ್ತಿದೆ ಎಂಬುದರ ಅಳತೆ ಅದರಲ್ಲಿಯೇ ಇದೆ.

ದೂರದರ್ಶಕ ಆಕಾಶದ ಅಗಲವಾದ ತುಣುಕನ್ನು ಒಂದೇ ಬಿಂದುವಾಗಿ ನೋಡಿದರೆ ಆಕಾಶದ ಉದ್ದಗಲದಲ್ಲಿ ವಿವರಗಳು ಕಲೆಸಿಹೋಗುತ್ತವೆ. ನಮ್ಮ ಆಕಾಶಗಂಗೆಯ ರೇಡಿಯೋ ಹೊಳಪು ದೂರದ ಹೈಡ್ರೋಜನ್ನಿಗಿಂತ ಸಾವಿರಾರು ಪಟ್ಟು ಪ್ರಖರ. ಅದನ್ನು ತೆಗೆಯುವಾಗ ಹೈಡ್ರೋಜನ್ನಿನ ಹಂಚಿಕೆಯಲ್ಲಿ ದೃಷ್ಟಿರೇಖೆಯುದ್ದಕ್ಕೂ ಹರಡಿದ ದೊಡ್ಡ ಏರಿಳಿತಗಳೂ ಅಳಿಸಿಹೋಗುತ್ತವೆ.

ಎಲ್ಲಕ್ಕಿಂತ ಸೋಜಿಗದ್ದು ಬೇರೆ ರೇಖೆಗಳ ವೇಷ. ಅಯಾನೀಕೃತ ಇಂಗಾಲದ ರೇಖೆ 1900 ಗಿಗಾಹರ್ಟ್ಸ್‌ನಲ್ಲಿ ಹೊರಟು, ಕೆಂಪು ಪಲ್ಲಟ 7ರಿಂದ ಬರುವಷ್ಟರಲ್ಲಿ ಸುಮಾರು 237.5ಕ್ಕೆ ಇಳಿದಿರುತ್ತದೆ. ನಮಗೆ ತೀರ ಹತ್ತಿರದ, ಪಲ್ಲಟ 0.46ರ ಕಾರ್ಬನ್ ಮೊನಾಕ್ಸೈಡ್‌ನ 346 ಗಿಗಾಹರ್ಟ್ಸ್ ರೇಖೆಯೂ ಅಲ್ಲಿಗೇ ಬಂದು ಬೀಳುತ್ತದೆ. ಉಪಕರಣಕ್ಕೆ ಎರಡೂ ಒಂದೇ. ಈ ಹತ್ತಿರದ ಅನಿಲವನ್ನು ದೂರದ್ದೆಂದು ನಂಬಿ ನಕ್ಷೆಯಲ್ಲಿಟ್ಟರೆ, ಅದು ಅಡ್ಡಕ್ಕೆ ಸುಮಾರು ಐದು ಪಟ್ಟು ಹಿಗ್ಗುತ್ತದೆ, ದೃಷ್ಟಿರೇಖೆಯಲ್ಲಿ ಸರಿಸುಮಾರು ಅರ್ಧಕ್ಕೆ ಕುಗ್ಗುತ್ತದೆ. ಎರಡೂ ಸೇರಿ ಹತ್ತು ಪಟ್ಟಿಗೆ ಹತ್ತಿರವಾಗುವ ಈ ವಿರೂಪ ಗುರುತ್ವದ ಸೆಳೆತದಿಂದ ಆಗುವಂಥದ್ದಲ್ಲ. ವೇಷ ಹಾಕಿದವನನ್ನು ಅವನ ಆಕಾರವೇ ಹಿಡಿದುಕೊಡುತ್ತದೆ. ಅನುಮಾನ ಉಳಿದರೆ, ಪಲ್ಲಟ 0.46ರ ಆಸುಪಾಸಿನಲ್ಲಿ ಈಗಾಗಲೇ ಪಟ್ಟಿಯಾಗಿರುವ ಗೆಲಾಕ್ಸಿಗಳೊಡನೆ ನಕ್ಷೆಯನ್ನು ತಾಳೆ ನೋಡುತ್ತಾರೆ: ಆ ಗೆಲಾಕ್ಸಿಗಳಿರುವ ಕಡೆಯಲ್ಲೇ ನಕ್ಷೆಯೂ ಹೊಳೆದರೆ ಆ ಹೊಳಪು ಇಂಗಾಲದ್ದಲ್ಲ.