ಸಜ್ಜಾದ ಲೆಕ್ಕದಿಂದ ಜಗಲಿಯವರೆಗೆ: ವಿನ್ಯಾಸ ಸ್ಟುಡಿಯೊದ ಟಿಪ್ಪಣಿ

ವಾಸ್ತುಶಿಲ್ಪ ಓದುವವರಿಗೆ ಜ್ಯೂರಿಯಲ್ಲಿ, ಅಂದರೆ ಪರೀಕ್ಷಕರ ಮುಂದೆ ವಿನ್ಯಾಸ ವಿವರಿಸುವಾಗ, ಮೊದಲು ಎದುರಾಗುವ ಪ್ರಶ್ನೆ ‘ನಿನ್ನ ಕಾನ್ಸೆಪ್ಟ್ ಏನು?’ ಎಂಬುದು. ಅದಕ್ಕೆ ಉತ್ತರವಾಗಿ ನಕ್ಷೆಯ ಶೀಟಿನ ಎಡ ಮೂಲೆಯಲ್ಲಿ ತಾವರೆಯೋ ಶಂಖವೋ ಹಾರುವ ಹಕ್ಕಿಯೋ ಬಂದು ಕೂರುತ್ತದೆ. ಅಲ್ಲಿಂದ ನಾಲ್ಕು ಬಾಣದ ಗುರುತು, ಕೊನೆಗೆ ತಾವರೆಯ ಆಕಾರದ ಆಸ್ಪತ್ರೆ. ಎಸಳಿನ ಚೂಪು ಮೂಲೆಯಲ್ಲಿ ಮಂಚ ಹೇಗೆ ಹಿಡಿಸುತ್ತದೆ ಎಂದು ಕೇಳುವ ಹೊತ್ತಿಗೆ ಶೀಟು ಮುದ್ರಣವಾಗಿರುತ್ತದೆ.

ಎರಡನೆಯ ಮತ್ತು ಮೂರನೆಯ ವರ್ಷದವರಿಗಾಗಿ ಬರೆದ ಈ ಟಿಪ್ಪಣಿಯಲ್ಲಿ ನಾನು ಸ್ಟುಡಿಯೊದಲ್ಲಿ ಮಾಡಿದ ಮೂರು ವಿನ್ಯಾಸಗಳಿವೆ. ಮೂರಕ್ಕೂ ನಾನು ಒಡ್ಡುವ ಪರೀಕ್ಷೆ ಒಂದೇ. ನಿಮ್ಮ ವಿಚಾರವು ಕಿಟಕಿ ಎಲ್ಲಿ ಬರಬೇಕು, ಸೂರು ಎಷ್ಟು ತಗ್ಗಬೇಕು, ಮೆಟ್ಟಿಲು ಯಾವ ಕಡೆ ಏರಬೇಕು ಎಂದು ಹೇಳುತ್ತದೆಯೇ? ಹೇಳಿದರೆ ಅದು ವಿಚಾರ. ಹೇಳದಿದ್ದರೆ ಅದು ಶೀಟಿನ ಅಲಂಕಾರ. ಅಂಕಗಳಿಗಾಗಿ ಇಟ್ಟುಕೊಳ್ಳಿ, ಆದರೆ ಅದನ್ನು ನಂಬಿಕೊಂಡು ಪ್ಲಾನ್ ಮಾಡಬೇಡಿ.

ಒಂದು ಒಳ್ಳೆಯ ಉದಾಹರಣೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲೇ ಇದೆ. ವಾಸ್ತುಶಿಲ್ಪಿ ಬಿ.ವಿ. ದೋಶಿ ಅವರು 1970ರ ದಶಕದಲ್ಲಿ ವಿನ್ಯಾಸ ಮಾಡಲು ತೊಡಗಿದ ಭಾರತೀಯ ನಿರ್ವಹಣಾ ಸಂಸ್ಥೆಯ ಆವರಣ ಅದು. ಮುಂದೆ 2018ರಲ್ಲಿ ವಾಸ್ತುಶಿಲ್ಪದ ಅತ್ಯುನ್ನತ ಗೌರವವಾದ ಪ್ರಿಟ್ಸ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಇವರೇ. ಫತೇಪುರ್ ಸಿಕ್ರಿಯ ಅಂಗಳಗಳ ಸರಣಿ ಈ ವಿನ್ಯಾಸಕ್ಕೆ ಪ್ರೇರಣೆಯಾಯಿತು ಎಂಬುದನ್ನು ಎಲ್ಲರೂ ಪರೀಕ್ಷೆಯಲ್ಲಿ ಬರೆಯುತ್ತೇವೆ. ಅದಕ್ಕಿಂತ ಮುಖ್ಯವಾದದ್ದು ಆ ಪ್ರೇರಣೆ ಮಾಡಿದ ಕೆಲಸ. ಅಲ್ಲಿ ಕಾರಿಡಾರ್ ಎಂದರೆ ಒಂದು ತರಗತಿಯಿಂದ ಇನ್ನೊಂದಕ್ಕೆ ದಾಟುವ ಓಣಿಯಷ್ಟೇ ಅಲ್ಲ, ಕಲಿಕೆ ನಡೆಯುವ ಜಾಗವೂ ಹೌದು. ಈ ಒಂದು ನಿಲುವಿನಿಂದ ಉಳಿದದ್ದೆಲ್ಲ ಹುಟ್ಟಿದೆ. ಕಾರಿಡಾರ್ ಎಲ್ಲ ಕಡೆ ಒಂದೇ ಅಗಲವಿಲ್ಲ, ನಿಂತು ಮಾತಾಡುವ ಕಡೆ ಹಿಗ್ಗುತ್ತದೆ. ಕೆಲವೆಡೆ ಮೂರು ಅಂತಸ್ತಿನಷ್ಟು ಎತ್ತರವಿದೆ. ಮೇಲೆ ಕೆಲವೆಡೆ ಚಾವಣಿ, ಕೆಲವೆಡೆ ಬರೀ ತೊಲೆಗಳ ಚಪ್ಪರ, ಕೆಲವೆಡೆ ಬೆಳಕುಕಿಂಡಿ. ಹೀಗಾಗಿ ಒರಟು ಗ್ರಾನೈಟ್ ಗೋಡೆಯ ಮೇಲಿನ ನೆರಳು ಗಂಟೆಗಂಟೆಗೂ ಬದಲಾಗುತ್ತದೆ. ಬೆಂಗಳೂರಿನ ಹವೆಯಲ್ಲಿ ವರ್ಷದ ಬಹುಪಾಲು ಹೊರಗೆ ಕೂರಬಹುದು ಎಂಬ ಸರಳ ಸಂಗತಿ ಇದಕ್ಕೆಲ್ಲ ಆಧಾರ. ಇದೇ ವಿನ್ಯಾಸವನ್ನು ಮಂಗಳೂರಿಗೆ ಒಯ್ದರೆ ಜೂನ್ ತಿಂಗಳಲ್ಲಿ ಎಲ್ಲರೂ ಕೊಡೆ ಹಿಡಿದು ತರಗತಿಗೆ ಹೋಗಬೇಕಾದೀತು.

ಆ ಕರಾವಳಿಯೇ ನನ್ನ ಮೊದಲ ಉದಾಹರಣೆ: ಮೂಡುಬಿದಿರೆಯಲ್ಲಿ ಒಂದು ಶಾಖಾ ಗ್ರಂಥಾಲಯ. ನಿವೇಶನದ ಪಶ್ಚಿಮಕ್ಕೆ ರಸ್ತೆ, ಪೂರ್ವಕ್ಕೆ ಏರುವ ಗುಡ್ಡ. ಅಂದರೆ ಪ್ರವೇಶವೂ ಜನರಿಗೆ ಕಾಣುವ ಮುಖವೂ ಪಶ್ಚಿಮಕ್ಕೇ. ಬಿಸಿಲು, ಮಳೆ ಎರಡೂ ಜೋರಾಗಿ ಬಡಿಯುವುದು ಅದೇ ಕಡೆಯಿಂದ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ, ಅದೂ ಹೆಚ್ಚಿನದು ನಾಲ್ಕು ತಿಂಗಳೊಳಗೆ.

ಇಲ್ಲಿ ಲೆಕ್ಕ ಶುರುವಾಗುತ್ತದೆ, ಕಾಗದ ತೆಗೆದುಕೊಳ್ಳಿ. ಮೂಡುಬಿದಿರೆ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಆಸುಪಾಸು ನಡುಹಗಲಿನಲ್ಲಿ ಸೂರ್ಯನ ಎತ್ತರ (ದಿಗಂತದಿಂದ ಅಳೆದ ಕೋನ) 90ರಿಂದ ಅಕ್ಷಾಂಶದ 13 ಮತ್ತು ಭೂಮಿಯ ಓರೆಯ 23.5 ಕಳೆದರೆ 53.5 ಡಿಗ್ರಿ, ದಕ್ಷಿಣ ದಿಕ್ಕಿನಲ್ಲಿ. 1.2 ಮೀಟರ್ ಎತ್ತರದ ದಕ್ಷಿಣದ ಕಿಟಕಿಗೆ ಆಗ ಪೂರ್ತಿ ನೆರಳು ಬೇಕಾದರೆ ಸಜ್ಜಾ (ಕಿಟಕಿಯ ಮೇಲಿನ ಚಾಚು) 1.2 ಭಾಗಿಸು ಟ್ಯಾನ್ 53.5, ಅಂದರೆ ಸುಮಾರು 0.89 ಮೀಟರ್ ಚಾಚಬೇಕು. ಮಾರ್ಚ್ 21ರ ಹೊತ್ತಿಗೆ ಸೂರ್ಯ 77 ಡಿಗ್ರಿಗೆ ಏರಿರುತ್ತಾನೆ, ಆಗ 0.28 ಮೀಟರ್ ಸಾಕು. ದಕ್ಷಿಣದ ಕಿಟಕಿ ಸುಲಭ.

ಉತ್ತರದ ಬಗ್ಗೆ ಒಂದು ಎಚ್ಚರಿಕೆ. ‘ಉತ್ತರದ ಬೆಳಕಿನಲ್ಲಿ ನೇರ ಬಿಸಿಲಿರುವುದಿಲ್ಲ’ ಎಂಬ ಪಠ್ಯಪುಸ್ತಕದ ಮಾತು ಯುರೋಪಿನ ಅಕ್ಷಾಂಶಕ್ಕೆ ಬಹುಮಟ್ಟಿಗೆ ಸರಿ. ನಮ್ಮಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ಉತ್ತರಕ್ಕೇ ಇರುತ್ತಾನೆ, ಬೆಳಗ್ಗೆ ಸಂಜೆ ಉತ್ತರದ ಗೋಡೆಗೆ ಓರೆಯಾಗಿ ಬೀಳುತ್ತಾನೆ. ಕರಾವಳಿಯಲ್ಲಿ ಜೂನ್‌ನಿಂದ ಮೋಡವೇ ಪರದೆಯಾಗುವುದರಿಂದ ನಿಜವಾದ ಕಾಟ ಮೇ ತಿಂಗಳಿನದು ಮಾತ್ರ. ಬಯಲುಸೀಮೆಯಲ್ಲಿ ಅಷ್ಟು ಧೈರ್ಯ ಸಲ್ಲದು.

ಈಗ ಪಶ್ಚಿಮ. ಮಾರ್ಚ್ 21ರಂದು ಸೌರಕಾಲ ಸಂಜೆ ನಾಲ್ಕಕ್ಕೆ (ಕರಾವಳಿಯ ಗಡಿಯಾರದಲ್ಲಿ ಅದು ಸುಮಾರು ನಾಲ್ಕೂವರೆ) ಸೂರ್ಯನ ಎತ್ತರ 29 ಡಿಗ್ರಿ, ದಿಕ್ಕು ಹೆಚ್ಚುಕಡಿಮೆ ನೇರ ಪಶ್ಚಿಮ. ಅದೇ 1.2 ಮೀಟರ್ ಕಿಟಕಿಗೆ ನೆರಳು ಬೇಕಾದರೆ ಚಾಚು 2.1 ಮೀಟರ್ ಇರಬೇಕು. ಐದು ಗಂಟೆಯವರೆಗೂ ಬೇಕು ಎಂದರೆ 4.6 ಮೀಟರ್! ಮೊದಲನೆಯ ಅಳತೆಯನ್ನು ಇನ್ನೊಮ್ಮೆ ನೋಡಿ. ಎರಡು ಮೀಟರಿಗೂ ಹೆಚ್ಚು ಚಾಚಿದ್ದನ್ನು ಸಜ್ಜಾ ಎನ್ನಲಾಗದು. ಅದರ ಕೆಳಗೆ ಕುರ್ಚಿ ಹಾಕಬಹುದು, ಚಪ್ಪಲಿ ಬಿಡಬಹುದು, ಪತ್ರಿಕೆ ಓದಬಹುದು. ಅದು ಜಗಲಿ. ಕರಾವಳಿಯ ಹಳೆಯ ಮನೆಗಳಲ್ಲಿ ಜಗಲಿ ಏಕಿದೆ ಎಂಬುದಕ್ಕೆ ‘ಸಂಪ್ರದಾಯ’ ಎಂದು ಬರೆದು ಮುಗಿಸುವ ಬದಲು ಈ ಭಾಗಾಕಾರ ಮಾಡಿ.

ಮುಂಬೈಯ ಕಾಂಚನಜುಂಗಾ ವಸತಿ ಗೋಪುರದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಎದುರಿಸಿದ್ದೂ ಇದೇ ಪೇಚು. ಸಮುದ್ರದ ನೋಟವೂ ಗಾಳಿಯೂ ಪಶ್ಚಿಮದಿಂದ, ಸುಡುಬಿಸಿಲೂ ಮುಂಗಾರಿನ ಹೊಡೆತವೂ ಪಶ್ಚಿಮದಿಂದ. ಹಳೆಯ ಬಂಗಲೆಗಳು ಸುತ್ತ ಜಗಲಿ ಕಟ್ಟಿಕೊಂಡು ಇದನ್ನು ನಿಭಾಯಿಸಿದ್ದವು. ಕೊರಿಯಾ ಆ ಜಗಲಿಯನ್ನು ಆಕಾಶಕ್ಕೆತ್ತಿ ಗೋಪುರದ ಮೂಲೆಗಳಲ್ಲಿ ಎರಡಂತಸ್ತು ಎತ್ತರದ ತೆರೆದ ತೋಟಗಳನ್ನಾಗಿ ಮಾಡಿದರು. 1983ರಲ್ಲಿ ಮುಗಿದ ಆ ಕಟ್ಟಡದ ಚಿತ್ರವನ್ನು ಎಲಿವೇಷನ್ನಿನ (ಹೊರಮುಖದ) ಬಣ್ಣದ ಚೌಕಗಳಿಗಾಗಿ ಅಂಟಿಸಿಕೊಳ್ಳುವವರೇ ಹೆಚ್ಚು. ಅದರ ಸೆಕ್ಷನ್ (ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದಂತೆ ತೋರಿಸುವ ಚಿತ್ರ) ಬಿಡಿಸಿ ನೋಡಿ, ಆ ಚೌಕಗಳು ಏಕೆ ಅಲ್ಲಿವೆ ಎಂದು ತಿಳಿಯುತ್ತದೆ.

ಗ್ರಂಥಾಲಯದಲ್ಲಿ ಜಗಲಿಯ ಆಳವನ್ನು 2.4 ಮೀಟರ್ ಇಟ್ಟೆ, ಸೂರನ್ನು ನೆಲದಿಂದ 2.1 ಮೀಟರಿಗೆ ತಗ್ಗಿಸಿದೆ. ನಾಲ್ಕು ಗಂಟೆಗೆ ಬಿಸಿಲು ಗೋಡೆಯನ್ನು ಮುಟ್ಟುವುದು 2.1ರಿಂದ 2.4 ಗುಣಿಸು 0.56 (ಆ ಹೊತ್ತಿನ ಸೂರ್ಯನ ಕೋನದ ಟ್ಯಾನ್) ಕಳೆದಷ್ಟು ಎತ್ತರದವರೆಗೆ, ಅಂದರೆ ಸುಮಾರು 0.75 ಮೀಟರ್. ಕಿಟಕಿಯ ಕೆಳ ಅಂಚನ್ನು ಅಲ್ಲಿಗೇ ಇಟ್ಟೆ. ಓದುವ ಮೇಜಿನ ಎತ್ತರವೂ ಅಷ್ಟೇ. ಐದರ ಬಿಸಿಲಿಗೆ ಸೂರಿನಿಂದ ಇಳಿಬಿಡುವ ಬಿದಿರಿನ ತಟ್ಟಿ. ಅದು ಮಳೆಗಾಲದಲ್ಲಿ ಇರಚಲನ್ನೂ ತಡೆಯುತ್ತದೆ. ಒಂದು ಸೂರಿನ ಎತ್ತರ ಕಿಟಕಿಯನ್ನು ತೀರ್ಮಾನಿಸಿತು, ಕಿಟಕಿ ಮೇಜಿನ ಜಾಗವನ್ನು ತೀರ್ಮಾನಿಸಿತು. ಇಂಥ ಸರಪಳಿ ಸಿಕ್ಕರೆ ಜ್ಯೂರಿಯಲ್ಲಿ ಕಾನ್ಸೆಪ್ಟ್ ವಿವರಿಸುವ ಕಷ್ಟವೇ ಇರುವುದಿಲ್ಲ.

ಆದರೆ ತಗ್ಗಿದ ಸೂರು ಬಿಸಿಲಿನ ಜೊತೆ ಬೆಳಕನ್ನೂ ತಡೆಯುತ್ತದೆ. ಪಕ್ಕದ ಕಿಟಕಿಯಿಂದ ಓದಲು ಸಾಲುವಷ್ಟು ಬೆಳಕು ಒಳಬರುವುದು ಕಿಟಕಿಯ ಮೇಲಂಚಿನ ಎತ್ತರದ ಎರಡು, ಎರಡೂವರೆ ಪಟ್ಟು ದೂರಕ್ಕೆ ಮಾತ್ರ. ಜಗಲಿ ಅಡ್ಡ ಬಂದರೆ ಅದೂ ಇಲ್ಲ. ಹಾಗಾದರೆ ಕೋಣೆಯ ನಡುವಿಗೆ ಬೆಳಕು ಎಲ್ಲಿಂದ? ಇದಕ್ಕೆ ದಾರಿ ತೋರಿದ್ದು ಊರಿನ ಸಾವಿರ ಕಂಬದ ಬಸದಿ. 1430ರಲ್ಲಿ ಕಟ್ಟಿದ ಈ ಬಸದಿಯ ಇಳಿಜಾರು ಚಾವಣಿಗಳು ಒಂದರ ಮೇಲೊಂದು ಹಿಂದೆ ಸರಿಯುತ್ತ ಏರುತ್ತವೆ, ಮೇಲಿನ ಅಂತಸ್ತು ಮರದ್ದು. ಅದರ ಚಾವಣಿಯ ಆಕಾರವನ್ನು ನಕಲು ಮಾಡಿ ‘ಸ್ಥಳೀಯ ಅಸ್ಮಿತೆ’ ಎಂದು ಬರೆಯುವುದು ಸುಲಭದ ದಾರಿ. ನಾನು ತೆಗೆದುಕೊಂಡದ್ದು ಎರಡು ಚಾವಣಿಗಳ ನಡುವಿನ ಸಂದನ್ನು. ಜಗಲಿಯಿಂದ ಏರಿಬರುವ ಹೆಂಚಿನ ಮಾಡು (ಇಳಿಜಾರು ಸುಮಾರು 30 ಡಿಗ್ರಿ) ಗೋಡೆಯ ಬಳಿ ನಿಲ್ಲುತ್ತದೆ. ಅದರ ಮೇಲೆ ಇನ್ನೊಂದು ಮಾಡು, ಎರಡರ ನಡುವೆ, ಉತ್ತರದ ಬದಿಯಲ್ಲಿ, ಉದ್ದನೆಯ ಕಿಂಡಿಸಾಲು. ಬೆಳಕು ಮೇಲಿನಿಂದ ಇಳಿಯುತ್ತದೆ, ಬಿಸಿಗಾಳಿ ಅದೇ ದಾರಿಯಲ್ಲಿ ಹೊರಡುತ್ತದೆ. ಗಾಳಿಯಾಡದಿದ್ದರೆ ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯುವುದು ಕರಾವಳಿಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಹಾಗಾಗಿ ಕಪಾಟುಗಳು ಕಿಟಕಿಗೋಡೆಗೆ ಲಂಬವಾಗಿ ನಿಲ್ಲುತ್ತವೆ, ಯಾವುದೂ ಪಶ್ಚಿಮದ ಗೋಡೆಗೆ ಒರಗುವುದಿಲ್ಲ.

ಪುಸ್ತಕ ಸಂಗ್ರಹವನ್ನು ಮೇಲಂತಸ್ತಿಗೆ ಹಾಕುವ ಆಸೆ ಬಂದರೆ ನೆಲ ಎಷ್ಟು ಭಾರ ಹೊರಬೇಕೆಂದು ಹೇಳುವ ಸಂಹಿತೆ ನೋಡಿ. ಮನೆಯ ಕೋಣೆಗೆ ಚದರ ಮೀಟರಿಗೆ 2 ಕಿಲೋನ್ಯೂಟನ್ ಹಿಡಿದರೆ ಪುಸ್ತಕದ ಸಂಗ್ರಹಕ್ಕೆ ಕನಿಷ್ಠ 6. ನಾನು ನೆಲದಂತಸ್ತಿನಲ್ಲೇ ಇಟ್ಟೆ. ತೇವ ಏರದಿರಲೆಂದು ಪಾಯದ ಕಟ್ಟೆ 600 ಮಿ.ಮೀ. ಎತ್ತರ, ಅದು ಗ್ರಾನೈಟ್; ಅದರ ಮೇಲಷ್ಟೇ ಕೆಂಪುಕಲ್ಲಿನ ಗೋಡೆ. ಕಟ್ಟೆ 600 ಏರಿದ ಕೂಡಲೇ 1:12ರ ಇಳಿಜಾರಿನಲ್ಲಿ 7.2 ಮೀಟರ್ ಉದ್ದದ ರ‍್ಯಾಂಪ್ ಬೇಕಾಯಿತು. ಹೆಚ್ಚಿನ ಪ್ಲಾನ್‌ಗಳಲ್ಲಿ ರ‍್ಯಾಂಪ್ ಕೊನೆಯ ರಾತ್ರಿ ಹಿಂಬಾಗಿಲಿನ ಹತ್ತಿರ ಹುಟ್ಟುತ್ತದೆ. ಇಲ್ಲಿ ಅದು ಜಗಲಿಯ ಉದ್ದಕ್ಕೂ, ಚಾಚಿದ ಸೂರಿನ ಅಡಿಯಲ್ಲೇ ಏರುತ್ತದೆ. ಗಾಲಿಕುರ್ಚಿಯವರೂ ಮೊಮ್ಮಗುವಿನ ಕೈ ಹಿಡಿದ ಅಜ್ಜಿಯೂ ಒಂದೇ ಬಾಗಿಲಿನಿಂದ, ನೆನೆಯದೆ ಒಳಬರುತ್ತಾರೆ.

ಎರಡನೆಯದು ಬೆಂಗಳೂರಿನ ಮೂವತ್ತು–ನಲವತ್ತರ ಸೈಟಿನ ಮನೆ. ಎಲ್ಲ ಕಾಲೇಜಿನಲ್ಲೂ ಕೊಡುವ ಬ್ರೀಫ್ (ಏನೇನು ಬೇಕೆಂಬ ಪಟ್ಟಿ) ಇದು. ತರಗತಿಯ ಅರ್ಧದಷ್ಟು ಜನ ತೊಟ್ಟಿಮನೆ ಎಂದು ನಡುವೆ ಒಂದು ಚೌಕ ಕೊರೆಯುತ್ತಾರೆ. ಕೊರೆಯುವ ಮೊದಲು ಅದನ್ನೂ ಲೆಕ್ಕಕ್ಕೆ ಒಡ್ಡಿ. ಮೂರು ಮೀಟರ್ ಚೌಕದ ಅಂಗಳ, ಸುತ್ತ ಎರಡಂತಸ್ತು, ಗೋಡೆ 6.5 ಮೀಟರ್. ಅಂಗಳದ ನಡುವೆ ನಿಂತರೆ ನೆತ್ತಿಯಿಂದ ಆಚೀಚೆ 13 ಡಿಗ್ರಿಯಷ್ಟೇ ಆಕಾಶ. ಬೆಂಗಳೂರಿನ ಅಕ್ಷಾಂಶವೂ 13. ಅಂದರೆ ಅಂಗಳದ ನಡುವಿಗೆ ನಡುಹಗಲಿನ ಬಿಸಿಲು ಬೀಳುವುದು ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ. ಡಿಸೆಂಬರ್‌ನಲ್ಲಿ, ಬಿಸಿಲು ಹಿತವೆನಿಸುವ ಹೊತ್ತಿನಲ್ಲಿ, ಬರೀ ನೆರಳು. ಬೇಕಾದದ್ದಕ್ಕೆ ತದ್ವಿರುದ್ಧ! ಮೇಲೆ ಗಾಜು ಮುಚ್ಚಿದರಂತೂ ಏಪ್ರಿಲ್‌ನಲ್ಲಿ ಮನೆಯ ನಡುವೆ ಒಲೆ ಹಚ್ಚಿಟ್ಟಂತೆ. ಹಳೆಯ ಮೈಸೂರು ಸೀಮೆಯ ತೊಟ್ಟಿಮನೆಗಳಲ್ಲಿ ಸುತ್ತಲಿನ ಸೂರು ತಗ್ಗು, ತೊಟ್ಟಿ ಎತ್ತರಕ್ಕೆ ತಕ್ಕಷ್ಟು ಅಗಲ. ಆ ಪ್ರಮಾಣ ಬಿಟ್ಟು ಹೆಸರನ್ನಷ್ಟೇ ತಂದರೆ ಉಳಿಯುವುದು ಲಿಫ್ಟಿನ ಹೊಂಡ.

ನಾನು ಮಾಡಿದ ಬದಲಾವಣೆ ಒಂದೇ: ಅಂಗಳದ ದಕ್ಷಿಣದ ಬದಿಯನ್ನು ಒಂದಂತಸ್ತಿಗೆ, 3.2 ಮೀಟರಿಗೆ, ಇಳಿಸಿದೆ. ಡಿಸೆಂಬರ್ ನಡುಹಗಲಿನಲ್ಲಿ ಆ ಗೋಡೆಯ ನೆರಳು 2.4 ಮೀಟರಿಗೆ ನಿಲ್ಲುತ್ತದೆ. ಉಳಿದ 60 ಸೆಂ.ಮೀ. ನೆಲಕ್ಕೂ ಉತ್ತರದ ಕೋಣೆಯ ಕಿಟಕಿಗೂ ಬಿಸಿಲು. ಅಡುಗೆಮನೆಯನ್ನು ಆ ಉತ್ತರದ ಬದಿಗೆ ತಂದೆ. ತಗ್ಗಿದ ದಕ್ಷಿಣದ ತಾರಸಿ ಬಟ್ಟೆ ಒಣಗಿಸಲು, ಹಪ್ಪಳ ಹರಡಲು. ಕಳೆದುಕೊಂಡದ್ದು ಒಂದು ಮಲಗುವ ಕೋಣೆ. ಬ್ರೀಫಿನಲ್ಲಿ ಮೂರು ಕೇಳಿದ್ದರು, ಅದಕ್ಕಾಗಿ ಅಂಕ ಕತ್ತರಿಸಿದರು. ಈಗಲೂ ಎರಡು ಕೋಣೆಯ ಆ ಮನೆಯೇ ಸರಿ ಎಂಬುದು ನನ್ನ ಅಭಿಪ್ರಾಯ.

ಮೂರನೆಯದು ಕಲಬುರಗಿ ಕಡೆಯ ಒಂದು ಸಂತೆಕಟ್ಟೆ. ಸಂತೆ ವಾರಕ್ಕೊಂದೇ ದಿನ. ಆದ್ದರಿಂದ ವಿನ್ಯಾಸದ ಪ್ರಶ್ನೆ ಉಳಿದ ಆರು ದಿನಗಳದ್ದು. ಉತ್ತರವೂ ಚಿಕ್ಕದು: 450 ಮಿ.ಮೀ. ಎತ್ತರದ ಕಟ್ಟೆಗಳು, ಬೇವಿನ ಮರಗಳು, ನಡುವೆ ತಗಡಿನ ಚಪ್ಪರ. ಸಂತೆಯ ದಿನ ಆ ಕಟ್ಟೆ ಅಂಗಡಿ, ಉಳಿದ ದಿನ ಕೂರುವ ಜಾಗ. ಕಟ್ಟೆಗೆ ಆ ಸೀಮೆಯ ಶಹಾಬಾದಿ ಕಲ್ಲು. ಗುಂಪಿನಲ್ಲಿ ಕೆಲವರು ಮಣ್ಣಿನ ಬ್ಲಾಕ್ ಆಗಲಿ ಎಂದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಹಳ್ಳಿಗಳಿಗೆ ಒದಗುವ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರದ ಸಂಶೋಧನೆಯಿಂದ ನಮ್ಮಲ್ಲಿ ಹೆಸರಾದ ಒಳ್ಳೆಯ ತಂತ್ರ ಅದು. ಮರಳಿನಂಶವಿರುವ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದರೆ ಸಾಕು, ಸುಡಬೇಕಿಲ್ಲ. ಆದರೆ ಕಲಬುರಗಿಯದು ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬ್ಲಾಕಿಗೆ ಬೇಕಾದ ಮಣ್ಣನ್ನು ಲಾರಿಯಲ್ಲಿ ದೂರದಿಂದ ತಂದು ಶೀಟಿನಲ್ಲಿ ‘ಪರಿಸರಸ್ನೇಹಿ’ ಎಂದು ಬರೆಯುವುದಕ್ಕಿಂತ ಕಾಲಡಿಯ ಕಲ್ಲು ಮೇಲು.

ಕೆಲಸದ ಕ್ರಮದ ಬಗ್ಗೆ ಒಂದು ಮಾತು. ಪ್ಲಾನ್ ಪೂರ್ತಿ ಮುಗಿಸಿ ಆಮೇಲೆ ಸೆಕ್ಷನ್ ಕತ್ತರಿಸುವ ರೂಢಿ ನಮ್ಮಲ್ಲಿದೆ. ಮೇಲಿನ ಮೂರರಲ್ಲೂ ನಿರ್ಣಯಗಳು ಹುಟ್ಟಿದ್ದು ಸೆಕ್ಷನ್‌ನಲ್ಲಿ, ಏಕೆಂದರೆ ಬಿಸಿಲು, ಮಳೆ, ಗಾಳಿ ಯಾವುದೂ ಪ್ಲಾನ್‌ನಲ್ಲಿ ಪೂರ್ತಿ ಕಾಣುವುದಿಲ್ಲ. 1:50ರ ಅಳತೆಯ ಒಂದು ಸೆಕ್ಷನ್ ಮೊದಲೇ ಬಿಡಿಸಿ. ಅದರಲ್ಲಿ ನೆಲಮಟ್ಟ, ಕಿಟಕಿಯ ಕೆಳ ಮತ್ತು ಮೇಲಂಚು, ಸೂರು, ಕುಳಿತವರ ಕಣ್ಣಿನ ಎತ್ತರ (1.2 ಮೀಟರ್ ಹಿಡಿಯಿರಿ) ಗುರುತಿಸಿ. ಡಿಸೆಂಬರ್ ನಡುಹಗಲಿನ ಮತ್ತು ಮಾರ್ಚ್ ಸಂಜೆ ನಾಲ್ಕರ ಬಿಸಿಲಿನ ಎರಡು ಗೆರೆ ಎಳೆಯಿರಿ. ಮೇಲಿನ ಲೆಕ್ಕಗಳು 13 ಡಿಗ್ರಿಯವು. ನಿಮ್ಮ ನಿವೇಶನ ಬೀದರಿನಲ್ಲಿದ್ದರೆ ಅಕ್ಷಾಂಶ ಸುಮಾರು 18, ಆಗ ಡಿಸೆಂಬರ್‌ನ 53.5 ಡಿಗ್ರಿ 48.5ಕ್ಕೆ ಇಳಿಯುತ್ತದೆ, ದಕ್ಷಿಣದ ಸಜ್ಜಾ ಒಂದು ಮೀಟರ್ ದಾಟುತ್ತದೆ. ಅಲ್ಲಿಯ ಚಳಿಗಾಲದಲ್ಲಿ ಆ ಬಿಸಿಲನ್ನು ತಡೆಯಬೇಕೋ ಒಳಗೆ ಬಿಟ್ಟುಕೊಳ್ಳಬೇಕೋ ಎಂಬುದನ್ನು ಸಜ್ಜಾ ಬಿಡಿಸುವ ಮುಂಚೆಯೇ ತೀರ್ಮಾನಿಸಿಕೊಳ್ಳಿ.